ಕೆಟ್ಟ ದಿನದ ಅಳತೆಗೆ ಹೊಲಿದ ಅಭ್ಯಾಸ: ದಿನಕ್ಕೊಂದು ಸಣ್ಣ ಹೆಜ್ಜೆಯಿಂದ ಬದಲಾಗಲು ಸಮಗ್ರ ಮಾರ್ಗದರ್ಶಿ

ಮೊದಲ ವಾರ ಚೆನ್ನಾಗಿ ನಡೆಯಿತು. ಎರಡನೇ ವಾರ ಎರಡು ದಿನ ತಪ್ಪಿತು. ಮೂರನೇ ವಾರದ ಬಗ್ಗೆ ಕೇಳಲೇಬೇಡಿ. ಹೊಸ ಅಭ್ಯಾಸ ಶುರು ಮಾಡಿ ಬಿಟ್ಟವರ ಕಥೆ ಹೆಚ್ಚುಕಡಿಮೆ ಇಷ್ಟೇ. ನಡಿಗೆ ಇರಲಿ, ಓದು ಇರಲಿ, ಹೊಸ ಭಾಷೆ ಇರಲಿ, ಎಡವುವ ಜಾಗ ಒಂದೇ. ಬಿಟ್ಟ ಮೇಲೆ ಎಲ್ಲರೂ ಬೈಯುವುದು ತಮ್ಮ ಮನಸ್ಸಿನ ಗಟ್ಟಿತನವನ್ನು.

ನನಗೆ ಕಂಡ ಹಾಗೆ ತಪ್ಪಾಗಿರುವುದು ಅಳತೆಯಲ್ಲಿ. ಉತ್ಸಾಹ ಉಕ್ಕುತ್ತಿರುವ ದಿನ ಕೂತು ಯೋಜನೆ ಹಾಕುತ್ತೇವೆ. ಅದು ಆ ದಿನದ ಮೈಗೆ ಸರಿಹೊಂದುತ್ತದೆ. ನಿದ್ದೆಗೆಟ್ಟ ದಿನ, ಜ್ವರದ ದಿನ, ಮನೆ ತುಂಬ ಜನ ಇರುವ ದಿನ ಅದು ಮೈಗೆ ಹತ್ತುವುದೇ ಇಲ್ಲ. ಹಾಗಾಗಿ ಕೆಳಗಿನ ಹಂತಗಳೆಲ್ಲ ಕೆಟ್ಟ ದಿನವನ್ನು ಮುಂದಿಟ್ಟುಕೊಂಡು ಬರೆದವು. ಹೆಚ್ಚಿನವರು ನೇರ ಆರನೇ ಹಂತಕ್ಕೆ ಹಾರಿ, ಮೊದಲ ಐದನ್ನು ಬಿಟ್ಟುಬಿಡುತ್ತಾರೆ. ದಯವಿಟ್ಟು ಕ್ರಮ ಬದಲಿಸಬೇಡಿ.

## ಕೈಗೆ ಬೇಕಾದದ್ದು

ಒಂದು ಸಣ್ಣ ನೋಟ್‌ಬುಕ್, ಒಂದು ಪೆನ್ನು, ಗೋಡೆಗೆ ತೂಗುಹಾಕುವ ಒಂದು ಕ್ಯಾಲೆಂಡರ್. ಪೆನ್ನನ್ನು ಕ್ಯಾಲೆಂಡರಿಗೇ ದಾರದಿಂದ ಕಟ್ಟಿಬಿಡಿ. ನಗಬೇಡಿ, ಪೆನ್ನು ಹುಡುಕಬೇಕಾಗಿ ಬಂದ ದಿನವೇ, ಕೆಲಸ ಮುಗಿಸಿ ಆ ದಿನದ ಮನೆಯಲ್ಲಿ ಗುರುತು ಹಾಕುವುದು ನಿಂತುಹೋಗುತ್ತದೆ.

ಗುರುತು ಹಾಕಲು ಆ್ಯಪ್‌ಗಳೂ ಇವೆ. ಬೇಡ ಅನ್ನುವುದಿಲ್ಲ. ಆದರೆ ಗುರುತು ಹಾಕೋಣ ಅಂತ ಫೋನ್ ತೆಗೆದು, ಅರ್ಧ ಗಂಟೆ ಬಿಟ್ಟು ತಲೆ ಎತ್ತುವವರನ್ನು ನೋಡಿದ್ದೇನೆ. ಅವರಲ್ಲಿ ನಾನೂ ಒಬ್ಬ.

ಹೊಸ ಶೂ, ಹೊಸ ಮ್ಯಾಟ್, ದುಬಾರಿ ಕೋರ್ಸ್ ಯಾವುದನ್ನೂ ಈಗ ಕೊಳ್ಳಬೇಡಿ. ಕೊಂಡ ದಿನವೇ ಅರ್ಧ ಕೆಲಸ ಮುಗಿದ ಹಾಗೆ ಅನ್ನಿಸಿಬಿಡುತ್ತದೆ. ಕೆಲಸ ಎರಡು ತಿಂಗಳು ನಿಂತರೆ ಆಗ ಕೊಳ್ಳಿ. ಆ ಹೊತ್ತಿಗೆ ನಿಮಗೆ ನಿಜವಾಗಿ ಏನು ಬೇಕು ಅನ್ನುವುದೂ ಗೊತ್ತಾಗಿರುತ್ತದೆ.

ಸಮಯದ ಲೆಕ್ಕ ಹೀಗಿದೆ: ಗಮನಿಸಲು ಒಂದು ವಾರ, ಸಿದ್ಧತೆಗೆ ಒಂದು ಸಂಜೆ, ಆಮೇಲೆ ಎರಡರಿಂದ ಮೂರು ತಿಂಗಳು ದಿನಕ್ಕೆ ಕೆಲವೇ ನಿಮಿಷ.

## ಹಂತ 1: ಒಂದನ್ನೇ ಆರಿಸಿ, ಅದನ್ನು ಕೆಲಸವಾಗಿ ಬರೆಯಿರಿ

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬದಲಾಗಬೇಕು ಅನ್ನಿಸಿದ್ದನ್ನೆಲ್ಲ ಬರೆಯಿರಿ. ಹತ್ತು ಬಂದರೂ ಸರಿ. ಆಮೇಲೆ ಒಂದನ್ನು ಬಿಟ್ಟು ಉಳಿದದ್ದಕ್ಕೆ ಗೆರೆ ಎಳೆಯಿರಿ. ಈ ಒಂದು ಗೆರೆ ಎಳೆಯುವುದಕ್ಕೇ ಜನ ಒದ್ದಾಡುತ್ತಾರೆ. ಬೇಗ ಏಳುವುದು, ವ್ಯಾಯಾಮ, ಓದು, ಫೋನ್ ಕಡಿಮೆ ಮಾಡುವುದು ಎಲ್ಲ ಒಟ್ಟಿಗೆ ಶುರುವಾಗುತ್ತವೆ. ಒಂದು ಬಿದ್ದರೆ ಉಳಿದವೂ ಸಾಲಾಗಿ ಬೀಳುತ್ತವೆ.

ಯಾವುದನ್ನು ಉಳಿಸಿಕೊಳ್ಳಬೇಕು? ತುಂಬಾ ಮುಖ್ಯವಾದದ್ದನ್ನೇ ಹಿಡಿಯಬೇಕು ಅಂತಿಲ್ಲ. ಮೊದಲ ಸಲ ಮಾಡುತ್ತಿದ್ದರೆ ಸುಲಭವಾದದ್ದನ್ನು, ಮಾಡಲು ಮನಸ್ಸೂ ಇರುವುದನ್ನು ಹಿಡಿಯಿರಿ. ಡಾಕ್ಟರು ಹೇಳಿದ್ದಾರೆ, ಮನೆಯವರು ಕಾಟ ಕೊಡುತ್ತಿದ್ದಾರೆ ಅನ್ನುವ ಕಾರಣಕ್ಕೆ ಮಾತ್ರ ಹಿಡಿದದ್ದು ಮೊದಲ ಪ್ರಯೋಗಕ್ಕೆ ಒಗ್ಗುವುದು ಕಷ್ಟ. ಆರೋಗ್ಯಕ್ಕೆ ತುರ್ತಾಗಿ ಬೇಕಾದದ್ದಾದರೆ ಮಾತ್ರ ಬೇರೆ ದಾರಿ ಇಲ್ಲ, ಅದನ್ನೇ ಹಿಡಿಯಿರಿ.

ಈಗ ಅದನ್ನು ಕೆಲಸವಾಗಿ ಬರೆಯಬೇಕು. "ತೂಕ ಇಳಿಸಬೇಕು" ಅನ್ನುವುದು ಫಲ. "ಆರೋಗ್ಯವಾಗಿರಬೇಕು" ಅನ್ನುವುದು ಆಸೆ. "ಹತ್ತು ನಿಮಿಷ ನಡೆಯುತ್ತೇನೆ" ಅನ್ನುವುದು ಕೆಲಸ. ಪರೀಕ್ಷೆ ಸುಲಭ: ಪಕ್ಕದಲ್ಲಿ ನಿಂತವರು ನೋಡಿ "ಮಾಡಿದಿರಿ" ಅಥವಾ "ಮಾಡಲಿಲ್ಲ" ಅಂತ ಹೇಳಲು ಬರಬೇಕು. "ಕೋಪ ಕಡಿಮೆ ಮಾಡಿಕೊಂಡೆ" ಅನ್ನುವುದನ್ನು ಯಾರೂ ನೋಡಿ ಹೇಳಲಾರರು. "ಉತ್ತರ ಕೊಡುವ ಮೊದಲು ಮೂರು ಸಲ ಉಸಿರು ಎಳೆದು ಬಿಟ್ಟೆ" ಅನ್ನುವುದನ್ನು ಹೇಳಬಹುದು.

## ಹಂತ 2: ಒಂದು ವಾರ ಸುಮ್ನೆ ಗಮನಿಸಿ

ಏಳು ದಿನ ಏನನ್ನೂ ಬದಲಿಸಬೇಡಿ. ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ನೀವು ದಿನವೂ ತಪ್ಪದೆ ಮಾಡುವ ಕೆಲಸಗಳನ್ನು ಪಟ್ಟಿ ಮಾಡಿ. ಹಲ್ಲು ಉಜ್ಜುವುದು, ಸ್ನಾನ, ಬಾಗಿಲಿಗೆ ಬೀಗ ಹಾಕುವುದು, ಮನೆಗೆ ಬಂದು ಚಪ್ಪಲಿ ಬಿಡುವುದು, ಫೋನ್ ಚಾರ್ಜಿಗೆ ಹಾಕುವುದು, ದೀಪ ಆರಿಸುವುದು. ಎದುರಿಗೆ ಹೆಚ್ಚುಕಡಿಮೆ ಎಷ್ಟು ಹೊತ್ತಿಗೆ, ಯಾವ ಜಾಗದಲ್ಲಿ ಅಂತ ಬರೆಯಿರಿ.

ಇನ್ನೂ ಒಂದನ್ನು ಬರೆದಿಡಿ. ದಿನದ ಯಾವ ಹೊತ್ತಿನಲ್ಲಿ ನೀವು ಸುಸ್ತಾಗಿರುತ್ತೀರಿ, ಯಾವ ಹೊತ್ತಿನಲ್ಲಿ ಬೇರೆಯವರು ನಿಮ್ಮನ್ನು ಕರೆಯುವುದು ಜಾಸ್ತಿ? ಆ ಹೊತ್ತಿಗೆ ಹೊಸ ಕೆಲಸ ಇಡಬಾರದು. ರಾತ್ರಿ ಹತ್ತಕ್ಕೆ ಓದುತ್ತೇನೆ ಅಂತ ನಾನು ಎಷ್ಟೋ ಸಲ ಬರೆದುಕೊಂಡಿದ್ದೆ. ಬರೆದಿಟ್ಟು ನೋಡಿದಾಗ ಗೊತ್ತಾಯಿತು, ಆ ವಾರ ಏಳರಲ್ಲಿ ಐದು ದಿನ ಹತ್ತು ಗಂಟೆಗೆ ನಾನು ಕೂತಲ್ಲೇ ತೂಕಡಿಸುತ್ತಿದ್ದೆ.

ಈ ವಾರವನ್ನು ಬಿಡುವವರೇ ಹೆಚ್ಚು. ಉತ್ಸಾಹ ಆರಿಹೋಗುತ್ತದೆ ಅನ್ನುವ ಭಯ. ಒಂದು ವಾರ ಕಾಯುವಷ್ಟರಲ್ಲಿ ಆರಿಹೋಗುವ ಉತ್ಸಾಹ ಮೂರು ತಿಂಗಳಿಗೆ ಸಾಲುವುದಿಲ್ಲ, ಅಲ್ವಾ?

## ಹಂತ 3: ಗೂಟ ಆರಿಸಿ, ವಾಕ್ಯ ಬರೆಯಿರಿ

ಹೊಸ ಕೆಲಸವನ್ನು ಈಗಾಗಲೇ ಇರುವ ಒಂದು ಕೆಲಸಕ್ಕೆ ಕಟ್ಟಬೇಕು. ಕಟ್ಟುವ ಗೂಟ ಗಟ್ಟಿಯಾಗಿರಬೇಕು. ಹಿಂದಿನ ವಾರದ ಪಟ್ಟಿಯಲ್ಲಿ ಅದನ್ನು ಹುಡುಕಿ.

ಒಳ್ಳೆಯ ಗೂಟಕ್ಕೆ ಮೂರು ಗುಣ ಇರುತ್ತವೆ. ಅದು ರಜಾದಿನವೂ ಸೇರಿ ದಿನವೂ ನಡೆಯುತ್ತದೆ. ಅದು ಮುಗಿದದ್ದು ಸ್ಪಷ್ಟವಾಗಿ ಗೊತ್ತಾಗುತ್ತದೆ: ನಲ್ಲಿ ನಿಲ್ಲಿಸಿದಿರಿ, ಬೀಗದ ಸದ್ದು ಬಂತು, ದೀಪ ಆರಿತು. ಮತ್ತೆ, ಅದು ಹೊಸ ಕೆಲಸ ಮಾಡುವ ಜಾಗದ ಹತ್ತಿರವೇ ನಡೆಯುತ್ತದೆ. ಸ್ನಾನದ ಮನೆಯಲ್ಲಿ ಮುಗಿಯುವ ಕೆಲಸಕ್ಕೆ ಮಹಡಿಯ ಮೇಲಿನ ಪುಸ್ತಕವನ್ನು ಕಟ್ಟಿದರೆ, ಮೆಟ್ಟಿಲು ಹತ್ತುವುದರೊಳಗೆ ಮರೆತಿರುತ್ತೀರಿ.

"ಬೆಳಗ್ಗೆ", "ಸಂಜೆ", "ಬಿಡುವು ಸಿಕ್ಕಾಗ" ಇವು ಗೂಟಗಳೇ ಅಲ್ಲ. ಬೆಳಗ್ಗೆ ಅಂದರೆ ಆರು ಗಂಟೆಯೋ ಹನ್ನೊಂದೋ? ಬಿಡುವಂತೂ ಸಿಗುವುದೇ ಇಲ್ಲ. ಅಲಾರಂ ಕೂಡ ನನ್ನ ಪ್ರಕಾರ ಎರಡನೇ ದರ್ಜೆಯ ಗೂಟ. ಅದು ಹೊಡೆದಾಗ ನೀವು ಬೇರೆ ಯಾವುದೋ ಕೆಲಸದ ನಡುವೆ ಇರುತ್ತೀರಿ, ಕೈ ತಾನಾಗಿ ಹೋಗಿ ನಿಲ್ಲಿಸುತ್ತದೆ.

ಗೂಟ ಸಿಕ್ಕ ಮೇಲೆ ಈ ಅಚ್ಚಿನಲ್ಲಿ ಒಂದು ವಾಕ್ಯ ಬರೆಯಿರಿ: "ಇಂಥದ್ದು ಮುಗಿದ ಕೂಡಲೇ, ಇಂಥ ಜಾಗದಲ್ಲಿ, ಇಷ್ಟು ಮಾಡುತ್ತೇನೆ." ಉದಾಹರಣೆಗೆ, "ಮನೆಗೆ ಬಂದು ಚಪ್ಪಲಿ ಬಿಟ್ಟ ಕೂಡಲೇ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು, ಒಂದು ಪುಟ ಓದುತ್ತೇನೆ."

ವಾಕ್ಯ ಬರೆಯುವುದರಿಂದ ಏನಾಗುತ್ತದೆ ಅಂತ ಅನ್ನಿಸಬಹುದು. 2002ರಲ್ಲಿ ಸಾರಾ ಮಿಲ್ನ್, ಶೀನಾ ಆರ್ಬೆಲ್ ಮತ್ತು ಪಾಸ್ಕಲ್ ಶೀರನ್ ಪ್ರಕಟಿಸಿದ ಅಧ್ಯಯನದಲ್ಲಿ 248 ಜನರನ್ನು ಮೂರು ಗುಂಪು ಮಾಡಿದ್ದರು. ವಾರದಲ್ಲಿ ಒಮ್ಮೆಯಾದರೂ 20 ನಿಮಿಷ ಬೆವರು ಬರುವಂತೆ ವ್ಯಾಯಾಮ ಮಾಡಬೇಕಿತ್ತು. ಹಾಗೇ ಬಿಟ್ಟ ಗುಂಪಿನಲ್ಲಿ ಶೇ. 38 ಜನ ಮಾಡಿದರು. ವ್ಯಾಯಾಮದ ಲಾಭ ತಿಳಿಸಿ ಹುರಿದುಂಬಿಸಿದ ಗುಂಪಿನಲ್ಲಿ ಶೇ. 35. ಹುರಿದುಂಬಿಸಿದ ಮೇಲೆ ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಅಂತ ಬರೆಸಿಕೊಂಡ ಗುಂಪಿನಲ್ಲಿ ಶೇ. 91. ಬರೀ ಹುರಿದುಂಬಿಸಿದ್ದರಿಂದ ಮಾಡಬೇಕು ಅನ್ನುವ ಆಸೆ ಬೆಳೆದಿತ್ತು, ಕಾಲು ಮಾತ್ರ ಎದ್ದಿರಲಿಲ್ಲ. ಸ್ಫೂರ್ತಿ ತುಂಬುವ ವಿಡಿಯೋ ನೋಡಿ ಮಲಗಿದವರಿಗೆ ಇದು ಚೆನ್ನಾಗಿ ಗೊತ್ತು.

## ಹಂತ 4: ಅಳತೆಯನ್ನು ಕೆಟ್ಟ ದಿನಕ್ಕೆ ಇಳಿಸಿ

ಇಡೀ ಕೆಲಸದ ಜೀವ ಇರುವುದು ಇಲ್ಲೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ಹಣಕ್ಕೆ ಹೇಳಿದ ಮಾತಾದರೂ, ಇಲ್ಲಿಗೂ ಒಪ್ಪುತ್ತದೆ.

ಕಳೆದ ವರ್ಷದ ನಿಮ್ಮ ಅತಿ ಕೆಟ್ಟ ಮಾಮೂಲಿ ದಿನವನ್ನು ನೆನಪಿಸಿಕೊಳ್ಳಿ. ಆಸ್ಪತ್ರೆ, ಸಾವು ಅಂಥದ್ದು ಬೇಡ. ತಲೆನೋವು, ಮೂರು ಗಂಟೆ ನಿದ್ದೆ, ಕೆಲಸದಲ್ಲಿ ಬೈಗುಳ, ಕರೆಂಟ್ ಇಲ್ಲ ಅನ್ನುವಂಥ ದಿನ. ಆ ದಿನವೂ ಗೊಣಗದೆ ಮಾಡಿ ಮುಗಿಸಬಹುದಾದಷ್ಟು ಎಷ್ಟು? ಅದೇ ನಿಮ್ಮ ಅಳತೆ. ಅರ್ಧ ಗಂಟೆ ನಡಿಗೆ ಅಂತ ಇದ್ದದ್ದು ಶೂ ಹಾಕಿಕೊಂಡು ರಸ್ತೆ ತುದಿಯವರೆಗೆ ಹೋಗಿ ಬರುವುದಕ್ಕೆ ಇಳಿಯುತ್ತದೆ. ಒಂದು ಅಧ್ಯಾಯ ಒಂದು ಪುಟಕ್ಕೆ, ದಿನಕ್ಕೆ ಇಪ್ಪತ್ತು ಹೊಸ ಪದ ಎರಡಕ್ಕೆ, ಪೂರ್ತಿ ಡೈರಿ ಎರಡು ಸಾಲಿಗೆ ಇಳಿಯುತ್ತದೆ.

ಇಳಿಸಿ ಬರೆದ ಮೇಲೆ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಸಣ್ಣ ಜ್ವರ ಬಂದರೂ ಮಾಡಬಲ್ಲೆನಾ? ಪ್ರಯಾಣದಲ್ಲಿದ್ದರೂ? ಮನೆಗೆ ರಾತ್ರಿ ಹನ್ನೊಂದಕ್ಕೆ ಬಂದರೂ? ಯಾರಾದರೂ ಬಂದು ಪಕ್ಕದಲ್ಲಿ ಕೂತಿದ್ದರೂ? ಒಂದಕ್ಕೆ "ಇಲ್ಲ" ಅಂತ ಬಂದರೂ ಇನ್ನೂ ಇಳಿಸಿ. ಬರೆದದ್ದನ್ನು ಓದಿ ಸ್ವಲ್ಪ ನಾಚಿಕೆ ಅನ್ನಿಸಿದರೆ ಅಳತೆ ಸರಿಯಾಗಿದೆ ಅಂತ ಅರ್ಥ.

"ದಿನಕ್ಕೆ ಒಂದು ಪುಟ ಓದಿ ಏನು ಉದ್ಧಾರ?" ಈ ಪ್ರಶ್ನೆ ಬಂದೇ ಬರುತ್ತದೆ, ನ್ಯಾಯವೂ ಹೌದು. ಮೊದಲ ಎರಡು ತಿಂಗಳು ನೀವು ಕಲಿಯುತ್ತಿರುವುದು ಓದನ್ನಲ್ಲ, ಓದಲು ಶುರು ಮಾಡುವುದನ್ನು. ಚಪ್ಪಲಿ ಬಿಟ್ಟ ಕೂಡಲೇ ಕೈ ಪುಸ್ತಕಕ್ಕೆ ಹೋಗಬೇಕು, ನಡುವೆ ಯೋಚನೆಯೇ ಬರಬಾರದು. ಒಂದೇ ಸೂಚನೆಯ ಹಿಂದೆ ಒಂದೇ ಕೆಲಸ ಮತ್ತೆ ಮತ್ತೆ ಬಂದಾಗ ಮೆದುಳು ಎರಡನ್ನೂ ಜೋಡಿಸಿಕೊಳ್ಳುತ್ತದೆ. ಆ ಜೋಡಣೆಗೆ ಬೇಕಾದದ್ದು ಎಷ್ಟು ಸಲ ಅನ್ನುವ ಲೆಕ್ಕ. ಒಂದು ಸಲಕ್ಕೆ ಎಷ್ಟು ಹೊತ್ತು ಅನ್ನುವುದು ಆಮೇಲಿನ ಮಾತು. ಪುಟಗಳ ಸಂಖ್ಯೆ ಎಂಟನೇ ಹಂತದಲ್ಲಿ ಬರುತ್ತದೆ, ತಾಳ್ಮೆ ಇರಲಿ.

ಒಳ್ಳೆಯ ದಿನ ಜಾಸ್ತಿ ಮಾಡಬಾರದಾ? ಧಾರಾಳವಾಗಿ ಮಾಡಿ. ಆದರೆ ಹತ್ತು ಪುಟ ಓದಿದ ದಿನವೂ ಕ್ಯಾಲೆಂಡರಿನಲ್ಲಿ ಹಾಕುವುದು ಒಂದೇ ಗುರುತು. ಮರುದಿನದ ಅಳತೆ ಮತ್ತೆ ಒಂದೇ ಪುಟ. "ನಿನ್ನೆ ಹತ್ತು ಓದಿದ್ದೆ, ಇವತ್ತು ಒಂದೇನಾ" ಅನ್ನುವ ಲೆಕ್ಕ ಶುರುವಾಯಿತೋ, ನಿಮಗೆ ಗೊತ್ತಿಲ್ಲದ ಹಾಗೆ ಅಳತೆ ಹತ್ತಕ್ಕೆ ಏರಿಬಿಟ್ಟಿರುತ್ತದೆ.

## ಹಂತ 5: ಜಾಗ ಸಿದ್ಧ ಮಾಡಿ

ಒಂದು ಸಂಜೆ ಅರ್ಧ ಗಂಟೆ ಇದಕ್ಕೆ ಕೊಡಿ. ಗೂಟದಿಂದ ಕೆಲಸದವರೆಗೆ ನಿಮ್ಮ ಕೈ ಎಷ್ಟು ಸಣ್ಣ ಕೆಲಸ ಮಾಡಬೇಕು ಅಂತ ಎಣಿಸಿ. ಕಪಾಟು ತೆಗೆಯುವುದು ಒಂದು, ಪುಸ್ತಕ ಹುಡುಕುವುದು ಎರಡು, ಕನ್ನಡಕ ತರುವುದು ಮೂರು, ಪುಟ ಹುಡುಕುವುದು ನಾಲ್ಕು. ಇದನ್ನು ಒಂದಕ್ಕೆ ತನ್ನಿ. ಪುಸ್ತಕ ಕುರ್ಚಿಯ ಮೇಲೇ ಇರಲಿ, ಪುಟದ ನಡುವೆ ಗುರುತಿನ ಚೀಟಿ ಇರಲಿ, ಒಂದು ಹಳೇ ಕನ್ನಡಕ ಅಲ್ಲೇ ಇರಲಿ. ಪುಸ್ತಕ ಎತ್ತದೆ ಕುರ್ಚಿಯಲ್ಲಿ ಕೂರಲು ಆಗಬಾರದು, ಅಷ್ಟೇ ಉಪಾಯ.

ಅಡ್ಡ ಬರುವ ವಸ್ತುವಿಗೆ ಇದೇ ಲೆಕ್ಕ ತಿರುಗಿಸಿ ಹಾಕಿ. ಫೋನ್ ಅಡ್ಡ ಬರುತ್ತದಾ? ಚಾರ್ಜರನ್ನು ಬೇರೆ ಕೋಣೆಗೆ ಒಯ್ಯಿರಿ. ಟಿವಿ ಅಡ್ಡ ಬರುತ್ತದಾ? ರಿಮೋಟಿನ ಬ್ಯಾಟರಿ ತೆಗೆದು ಬೇರೆ ಡ್ರಾಯರಿನಲ್ಲಿಡಿ. ಪೂರ್ತಿ ಬಂದ್ ಮಾಡಬೇಕಾಗಿಲ್ಲ. ಎರಡು ಹೆಜ್ಜೆ ಹೆಚ್ಚಾದರೂ ಸೋಮಾರಿತನ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ.

ಮನೆಯವರಿಗೆ ಒಂದು ಮಾತು ಹೇಳಿಡಿ. ದೊಡ್ಡ ಘೋಷಣೆ ಬೇಡ. "ನಾನು ಬಂದ ಕೂಡಲೇ ಎರಡು ನಿಮಿಷ ಇಲ್ಲಿ ಕೂತಿರುತ್ತೇನೆ, ಆಗ ಕರೆಯಬೇಡಿ" ಅಂದರೆ ಸಾಕು. ಊರಿಗೆಲ್ಲ ಹೇಳಿಕೊಂಡರೆ ಮೊದಲ ದಿನವೇ ಶಭಾಷ್‌ಗಿರಿ ಸಿಕ್ಕಿಬಿಡುತ್ತದೆ. ಆಮೇಲೆ ತಪ್ಪಿದಾಗ ಮುಜುಗರ ಬೇರೆ.

## ಹಂತ 6: ತಾಲೀಮು ಮಾಡಿ, ಆಮೇಲೆ ಶುರು ಮಾಡಿ

ಶುರು ಮಾಡುವ ಹಿಂದಿನ ದಿನ ಐದು ಸಲ ತಾಲೀಮು ಮಾಡಿ. ಹೊರಗೆ ಹೋಗಿ, ಒಳಗೆ ಬನ್ನಿ, ಚಪ್ಪಲಿ ಬಿಡಿ, ಕೂತು ಪುಸ್ತಕ ಎತ್ತಿ, ಎರಡು ಸಾಲು ಓದಿ, ಎದ್ದು ಗುರುತು ಹಾಕಿದ ಹಾಗೆ ಮಾಡಿ. ಮತ್ತೆ ಹೊರಗೆ ಹೋಗಿ. ನೋಡುವವರಿಗೆ ಹುಚ್ಚು ಹಿಡಿದ ಹಾಗೆ ಕಾಣುತ್ತದೆ, ನಿಜ. ಆದರೆ ಎಲ್ಲಿ ಕೈ ತಡವರಿಸುತ್ತದೆ, ಎಲ್ಲಿ ಬೆಳಕು ಸಾಲದು, ಕುರ್ಚಿಯ ಮೇಲೆ ಯಾರು ಬಟ್ಟೆ ಹಾಕುತ್ತಾರೆ ಅನ್ನುವುದೆಲ್ಲ ಆಗಲೇ ಗೊತ್ತಾಗುವುದು.

ಮೊದಲ ಎರಡು ವಾರ ಮೂರೇ ನಿಯಮ. ಗೂಟ ಮುಗಿದ ಕೂಡಲೇ ಕೆಲಸ. ಕೆಲಸ ಮುಗಿದ ಕೂಡಲೇ ಗುರುತು. ಅಳತೆ ಬದಲಿಸುವಂತಿಲ್ಲ. ಗುರುತನ್ನು ರಾತ್ರಿ ಒಟ್ಟಿಗೆ ಹಾಕುತ್ತೇನೆ ಅಂತ ಇಟ್ಟುಕೊಳ್ಳಬೇಡಿ. ಕೆಲಸ ಮುಗಿದ ಆ ಗಳಿಗೆಯಲ್ಲೇ ಗೆರೆ ಎಳೆದಾಗ ಸಿಗುವ ಸಣ್ಣ ಖುಷಿಯೇ ನಾಳೆಯ ದಿನವನ್ನು ಎಳೆದು ತರುವುದು.

ಕೆಲಸ ಬೇಸರದ್ದಾಗಿದ್ದರೆ ಅದರ ಜೊತೆಗೆ ಇಷ್ಟವಾದದ್ದನ್ನು ಸೇರಿಸಿ. ನಡೆಯುವಾಗ ಮಾತ್ರ ಕೇಳುವ ಒಂದು ಕಥೆ, ಬಟ್ಟೆ ಮಡಿಸುವಾಗ ಮಾತ್ರ ಹಾಕುವ ಹಾಡುಗಳು. "ಮಾತ್ರ" ಅನ್ನುವುದರಲ್ಲೇ ಎಲ್ಲ ಇದೆ. ಅದೇ ಕಥೆ ಸೋಫಾದ ಮೇಲೂ ಸಿಗುವುದಾದರೆ ನಡೆಯುವವರು ಯಾರು?

## ಹಂತ 7: ತಪ್ಪುವ ದಿನಕ್ಕೆ ಮೊದಲೇ ತಯಾರಾಗಿ

ತಪ್ಪುತ್ತದೆ. ಇದನ್ನು ಶುರುವಿನಲ್ಲೇ ಒಪ್ಪಿಕೊಂಡವರು ಮುಂದೆ ಹೋಗುತ್ತಾರೆ.

ಒಂದು ದಿನ ತಪ್ಪಿದ್ದರಿಂದ ಆಗುವ ನಷ್ಟ ಕಡಿಮೆ. ಅದರ ಹಿಂದೆ ಬರುವ "ಹೇಗೂ ಹಾಳಾಯಿತಲ್ಲ, ಇನ್ನೇನು" ಅನ್ನುವ ಮಾತಿನಿಂದ ಆಗುವ ನಷ್ಟ ದೊಡ್ಡದು. ಊಟದಲ್ಲಿ ಪಥ್ಯ ಮಾಡುವವರಲ್ಲಿ ಇದನ್ನು ಮನಶ್ಶಾಸ್ತ್ರಜ್ಞರಾದ ಜಾನೆಟ್ ಪೊಲಿವಿ ಮತ್ತು ಪೀಟರ್ ಹರ್ಮನ್ ಗುರುತಿಸಿದ್ದರು. ನಿಯಮ ಸ್ವಲ್ಪ ಮುರಿದದ್ದೇ ತಡ, ಅವರು ಪಥ್ಯವನ್ನೇ ಕೈಬಿಟ್ಟು ಇನ್ನೂ ಹೆಚ್ಚು ತಿನ್ನುತ್ತಿದ್ದರು. ಸೋಮವಾರ ತಪ್ಪಿದ ನಡಿಗೆ "ಮುಂದಿನ ತಿಂಗಳ ಒಂದನೇ ತಾರೀಕಿಗೆ" ಹೋಗುವುದೂ ಇದೇ ದಾರಿಯಲ್ಲಿ.

ಹಾಗಾಗಿ ನೋಟ್‌ಬುಕ್ಕಿನಲ್ಲಿ ಎರಡನೇ ವಾಕ್ಯವೊಂದನ್ನು ಈಗಲೇ ಬರೆದಿಡಿ: "ಒಂದು ದಿನ ತಪ್ಪಿದರೆ, ಮರುದಿನ ಅದೇ ಗೂಟಕ್ಕೆ ಅದೇ ಸಣ್ಣ ಅಳತೆ ಮಾಡುತ್ತೇನೆ." ಕ್ಯಾಲೆಂಡರಿನಲ್ಲಿ ತಪ್ಪಿದ ದಿನದ ಮನೆ ಖಾಲಿ ಇರಲಿ. ಕೆಂಪು ಪೆನ್ನು ಬೇಡ.

ಎರಡು ಕೆಲಸ ಮಾತ್ರ ಮಾಡಲೇಬಾರದು. ತಪ್ಪಿದ್ದಕ್ಕೆ ಮರುದಿನ ಎರಡರಷ್ಟು ಮಾಡಿ ಸಾಲ ತೀರಿಸುವುದು ಒಂದು. ಮೂರು ದಿನ ತಪ್ಪಿದರೆ ಸಾಲ ನಾಲ್ಕರಷ್ಟಾಗುತ್ತದೆ, ಸಾಲಗಾರ ತಲೆ ತಪ್ಪಿಸಿಕೊಳ್ಳುತ್ತಾನೆ. ದಿನಗಳ ಎಣಿಕೆಯನ್ನು ಸೊನ್ನೆಯಿಂದ ಮತ್ತೆ ಶುರು ಮಾಡುವುದು ಇನ್ನೊಂದು. ನಲವತ್ತು ದಿನದಲ್ಲಿ ಒಂದು ತಪ್ಪಿದರೆ ಮೂವತ್ತೊಂಬತ್ತು ಆಗಿದೆ ಅಂತಲೇ ಲೆಕ್ಕ. ಸಾಲು ಮುರಿಯಬಾರದು ಅಂತ ಹಟ ಹಿಡಿದು ನಾನು ಒಮ್ಮೆ 52 ದಿನ ಎಳೆದಿದ್ದೆ. 53ನೇ ದಿನ ಪ್ರಯಾಣದಲ್ಲಿ ತಪ್ಪಿತು. ಮತ್ತೆ ಶುರು ಮಾಡಿದ್ದು ಏಳು ತಿಂಗಳ ಮೇಲೆ.

## ಹಂತ 8: ಬೇರು ಬಿಟ್ಟ ಮೇಲೆ ಮಾತ್ರ ಹೆಚ್ಚಿಸಿ

ಎಷ್ಟು ದಿನಕ್ಕೆ ಅಭ್ಯಾಸ ಆಗುತ್ತದೆ? 21 ದಿನ ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಅದನ್ನು ನಂಬಿ 22ನೇ ದಿನ "ನನಗಿನ್ನೂ ಆಗಿಲ್ಲ" ಅಂತ ಬಿಟ್ಟವರು ಎಷ್ಟೋ. 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್, ತನ್ನ ರೋಗಿಗಳಿಗೆ ಹೊಸ ಮುಖ ರೂಢಿಯಾಗಲು ಕಡಿಮೆ ಅಂದರೂ ಸುಮಾರು 21 ದಿನ ಹಿಡಿಯುತ್ತದೆ ಅಂತ ಬರೆದಿದ್ದರು. ಬಾಯಿಂದ ಬಾಯಿಗೆ ಬರುವಾಗ "ಕಡಿಮೆ ಅಂದರೂ" ಉದುರಿಹೋಯಿತು.

ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು 84 ದಿನ ಗಮನಿಸಿದರು. ದಿನಕ್ಕೊಮ್ಮೆ ಒಂದು ಸೂಚನೆಯ ಹಿಂದೆ ಒಂದು ಸಣ್ಣ ಕೆಲಸ, ನಾವು ಇಲ್ಲಿ ಮಾಡುತ್ತಿರುವ ಹಾಗೆಯೇ. ಕೆಲಸ ಹೆಚ್ಚುಕಡಿಮೆ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಹಿಡಿದ ಕಾಲದ ನಡು ಅಂಕಿ 66 ದಿನ. ವ್ಯತ್ಯಾಸ ಮಾತ್ರ ಬಹಳ: ಒಬ್ಬರಿಗೆ 18 ದಿನ, ಇನ್ನೊಬ್ಬರಿಗೆ 254. ಈ 254 ಲೆಕ್ಕ ಹಾಕಿ ತೆಗೆದ ಅಂದಾಜು, ಅಧ್ಯಯನ ನಡೆದದ್ದೇ 84 ದಿನ. ನೀರು ಕುಡಿಯುವಂಥ ಕೆಲಸಕ್ಕಿಂತ ವ್ಯಾಯಾಮಕ್ಕೆ ಹೆಚ್ಚು ಕಾಲ ಹಿಡಿಯಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಾನಿ ಆಗಲಿಲ್ಲ ಅನ್ನುವುದೂ ಇಲ್ಲೇ ಕಂಡಿತು.

ಆದ್ದರಿಂದ ದಿನ ಎಣಿಸುವುದಕ್ಕಿಂತ ಈ ಮೂರು ಲಕ್ಷಣಗಳನ್ನು ನೋಡಿ. ಶುರು ಮಾಡಿದ ಮೇಲೆ "ಅರೆ, ಶುರು ಮಾಡಿಬಿಟ್ಟಿದ್ದೇನೆ" ಅಂತ ಗೊತ್ತಾಗುತ್ತದಾ? ಮಾಡದ ದಿನ ಏನೋ ಬಿಟ್ಟುಹೋದ ಹಾಗೆ ಇರುತ್ತದಾ? ಮಾಡಬೇಕೋ ಬೇಡವೋ ಅನ್ನುವ ಚೌಕಾಸಿ ನಿಂತಿದೆಯಾ? ಮೂರಕ್ಕೂ ಹೌದು ಅಂತ ಎರಡು ವಾರ ಬಂದರೆ ಹೆಚ್ಚಿಸಬಹುದು.

ಹೆಚ್ಚಿಸುವಾಗ ಒಂದನ್ನೇ ಮುಟ್ಟಿ. ಹೊತ್ತು ಹೆಚ್ಚಿಸಿದರೆ ವೇಗ ಹಾಗೇ ಇರಲಿ. ಐದು ನಿಮಿಷದ ನಡಿಗೆ ಏಳಾಗಲಿ, ಒಂದು ವಾರ ನೋಡಿ, ಆಮೇಲೆ ಒಂಬತ್ತು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಮಟ್ಟದ ಚಟುವಟಿಕೆ. ದಿನಕ್ಕೆ ಇಪ್ಪತ್ತೆರಡು ನಿಮಿಷ ಅಂದುಕೊಳ್ಳಿ. ಐದರಿಂದ ಹೊರಟು ವಾರಕ್ಕೆ ಎರಡರಂತೆ ಏರಿದರೆ ಒಂಬತ್ತು ವಾರದಲ್ಲಿ ಅಲ್ಲಿರುತ್ತೀರಿ. ಮೊದಲ ದಿನವೇ ಅಲ್ಲಿಗೆ ಹೊರಟವರಿಗಿಂತ ಬೇಗ, ಯಾಕೆಂದರೆ ಅವರು ಆಗಲೇ ಮನೆಯಲ್ಲಿ ಕೂತಿರುತ್ತಾರೆ.

ಕೆಳಗಿನ ಅಳತೆಯನ್ನು ಮಾತ್ರ ಯಾವತ್ತೂ ತೆಗೆದುಹಾಕಬೇಡಿ. ಇಪ್ಪತ್ತು ನಿಮಿಷ ನಡೆಯುವ ಕಾಲ ಬಂದರೂ, ಕೆಟ್ಟ ದಿನ ರಸ್ತೆ ತುದಿಯವರೆಗೆ ಹೋಗಿ ಬಂದರೆ ಗುರುತು ಬೀಳಬೇಕು.

## ಬಿಡಬೇಕಾದ ಅಭ್ಯಾಸವಾದರೆ

ಇಲ್ಲಿ ಕ್ರಮ ಸ್ವಲ್ಪ ಬೇರೆ. "ಮಾಡುವುದಿಲ್ಲ" ಅನ್ನುವುದನ್ನು ಯಾವ ಗೂಟಕ್ಕೂ ಕಟ್ಟಲು ಬರುವುದಿಲ್ಲ. ಹಾಗಾಗಿ ಎರಡನೇ ಹಂತದ ವಾರದಲ್ಲಿ, ಆ ಅಭ್ಯಾಸ ಎದ್ದಾಗಲೆಲ್ಲ ನಾಲ್ಕು ವಿಷಯ ಬರೆಯಿರಿ: ಹೊತ್ತು, ಜಾಗ, ಪಕ್ಕದಲ್ಲಿ ಯಾರಿದ್ದರು, ಮನಸ್ಸು ಹೇಗಿತ್ತು. ಐದಾರು ಸಲ ಬರೆದರೆ ಒಂದೇ ಜಾಗ ಅಥವಾ ಒಂದೇ ಮನಸ್ಥಿತಿ ಮತ್ತೆ ಮತ್ತೆ ಕಾಣುತ್ತದೆ.

ರಾತ್ರಿ ಹಾಸಿಗೆಯಲ್ಲಿ ಫೋನ್ ನೋಡುವುದನ್ನೇ ತೆಗೆದುಕೊಳ್ಳಿ. ಸೂಚನೆ: ದಿಂಬಿನ ಪಕ್ಕದ ಚಾರ್ಜರ್. ಒಳಗಿನ ಬೇಡಿಕೆ: ದಿನದ ಗಲಾಟೆಯಿಂದ ಸ್ವಲ್ಪ ಹೊರಗೆ ಬರುವುದು. ಚಾರ್ಜರನ್ನು ಕೋಣೆಯ ಹೊರಗೆ ಇಟ್ಟರೆ ಸೂಚನೆ ಹೋಯಿತು, ಬೇಡಿಕೆ ಹಾಗೇ ಉಳಿಯಿತು. ಅದಕ್ಕೆ ಬೇರೆ ಏನಾದರೂ ಕೊಡಲೇಬೇಕು: ಹಗುರವಾದ ಪುಸ್ತಕ, ಮೆಲ್ಲನೆಯ ಹಾಡು, ಪಕ್ಕದಲ್ಲಿರುವವರ ಜೊತೆ ಹತ್ತು ನಿಮಿಷ ಮಾತು. ಕೊಡದಿದ್ದರೆ ಮೂರನೇ ರಾತ್ರಿ ಎದ್ದು ಹೋಗಿ ಫೋನ್ ತರುತ್ತೀರಿ. ಅಲಾರಂ ಬೇಕು ಅನ್ನುವ ನೆಪಕ್ಕೆ ಒಂದು ಸಾದಾ ಅಲಾರಂ ಗಡಿಯಾರ ಇಟ್ಟುಕೊಳ್ಳಿ.

ಒಂದು ಎಚ್ಚರಿಕೆ. ದಿನವೂ ಹೆಚ್ಚು ಮದ್ಯ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈಕಾಲು ನಡುಕ, ಫಿಟ್ಸ್, ಮನಸ್ಸಿನ ಗೊಂದಲ ಬರಬಹುದು, ಪ್ರಾಣಕ್ಕೂ ಅಪಾಯ ಆಗಬಹುದು. ಬಹಳ ದಿನದಿಂದ ತೆಗೆದುಕೊಳ್ಳುತ್ತಿರುವ ಕೆಲವು ನಿದ್ದೆ ಮಾತ್ರೆಗಳೂ ಹಾಗೇ. ಇವಕ್ಕೆ ಕ್ಯಾಲೆಂಡರ್, ಪೆನ್ನು ಸಾಲದು. ಮೊದಲು ಡಾಕ್ಟರನ್ನು ನೋಡಿ, ಅವರು ಹೇಳಿದ ಹಾಗೆ ಇಳಿಸಿ.

## ದಾರಿ ತಪ್ಪುತ್ತಿದೆ ಅನ್ನುವುದಕ್ಕೆ ಗುರುತುಗಳು

ಎರಡು ದಿನ ಒಟ್ಟಿಗೆ ತಪ್ಪಿತು. ಗೂಟ ಸಡಿಲವಾಗಿದೆ, ಇಲ್ಲ ಅಳತೆ ದೊಡ್ಡದಾಗಿದೆ. ಗೂಟವೇ ನಡೆಯಲಿಲ್ಲವಾದರೆ ಮೂರನೇ ಹಂತಕ್ಕೆ, ಗೂಟ ನಡೆದೂ ಕೆಲಸ ಆಗಲಿಲ್ಲವಾದರೆ ನಾಲ್ಕನೇ ಹಂತಕ್ಕೆ ವಾಪಸ್ ಹೋಗಿ. ಮನಸ್ಸನ್ನು ಬೈಯುತ್ತಾ ಕೂರಬೇಡಿ.

ಮರೆತುಹೋಗುತ್ತಿದೆ. ಇದು ಯಾವಾಗಲೂ ಗೂಟದ ತೊಂದರೆ. ನೆನಪಾಗುತ್ತದೆ, ಮನಸ್ಸು ಬರುತ್ತಿಲ್ಲ. ಇದು ಅಳತೆಯ ತೊಂದರೆ. ಇವೆರಡನ್ನು ಬೆರೆಸಿ ನೋಡುವುದರಿಂದಲೇ ಜನ ತಪ್ಪು ಜಾಗದಲ್ಲಿ ರಿಪೇರಿ ಮಾಡುತ್ತಾರೆ.

ಗುರುತು ಹಾಕಲೆಂದೇ ಕೆಲಸ ಮಾಡುತ್ತಿದ್ದೀರಿ. ಕಣ್ಣು ಪುಟದ ಮೇಲೆ ಓಡುತ್ತದೆ, ಏನೂ ತಲೆಗೆ ಹೋಗುವುದಿಲ್ಲ. ಆಗ ಪುಸ್ತಕ ಬದಲಿಸಿ, ಅಭ್ಯಾಸ ಬದಲಿಸಬೇಡಿ.

ನೋವು. ವ್ಯಾಯಾಮದ ಮರುದಿನ ಸ್ನಾಯು ಬಿಗಿದುಕೊಂಡರೆ ಮಾಮೂಲಿ. ಕೀಲು ನೋವು, ಎದೆನೋವು, ತಲೆಸುತ್ತು ಬಂದರೆ ಅಲ್ಲೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ.

ಯಾವುದರಲ್ಲೂ ಮನಸ್ಸಿಲ್ಲ. ಹಿಂದೆ ಖುಷಿ ಕೊಡುತ್ತಿದ್ದದ್ದೂ ರುಚಿಸುತ್ತಿಲ್ಲ, ನಿದ್ದೆ ಹಸಿವು ಎರಡೂ ಕೆಟ್ಟಿವೆ, ಎರಡು ವಾರದಿಂದ ಹೀಗೇ ಇದೆ ಅಂದರೆ ಅದನ್ನು ಸೋಮಾರಿತನ ಅಂತ ಕರೆಯಬೇಡಿ. ಖಿನ್ನತೆ ಇರಬಹುದು. ಡಾಕ್ಟರನ್ನು ಕಾಣುವುದೇ ಆ ವಾರದ ಸಣ್ಣ ಹೆಜ್ಜೆ ಆಗಲಿ.

## ಹಂತ 9: ಮನೆ, ಕೆಲಸ ಬದಲಾದಾಗ

ಎಷ್ಟೇ ಗಟ್ಟಿಯಾದ ಅಭ್ಯಾಸವೂ ಗೂಟ ಕಿತ್ತರೆ ಉರುಳುತ್ತದೆ. ಹೊಸ ಮನೆಯಲ್ಲಿ ಬಾಗಿಲ ಪಕ್ಕ ಕುರ್ಚಿಯೇ ಇರುವುದಿಲ್ಲ. ಕೆಲಸದ ಪಾಳಿ ಬದಲಾದರೆ ಸ್ನಾನದ ಹೊತ್ತೇ ಬದಲಾಗುತ್ತದೆ. ಇಂಥ ಬದಲಾವಣೆಯ ಮೊದಲ ವಾರದಲ್ಲೇ ನೋಟ್‌ಬುಕ್ ತೆಗೆದು ಎರಡನೇ ಹಂತ ಮತ್ತೆ ಮಾಡಿ, ಹೊಸ ವಾಕ್ಯ ಬರೆಯಿರಿ. ಹಳೆಯ ಕೆಟ್ಟ ಅಭ್ಯಾಸದ ಗೂಟಗಳೂ ಇದೇ ವಾರ ಕಿತ್ತಿರುತ್ತವೆ. ಅದನ್ನು ಬಿಡುವುದಿದ್ದರೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದು ಕಷ್ಟ. ಮೊದಲ ರಾತ್ರಿಯೇ ಚಾರ್ಜರ್ ಎಲ್ಲಿರಬೇಕು ಅಂತ ತೀರ್ಮಾನಿಸಿಬಿಡಿ.

ಪ್ರಯಾಣಕ್ಕೆ ಒಂದು ಬೇರೆ ವಾಕ್ಯ ಇರಲಿ. ಎಲ್ಲಿಗೆ ಹೋದರೂ ಜೊತೆಗೆ ಬರುವ ಗೂಟ ಒಂದಿದೆ, ಹಲ್ಲು ಉಜ್ಜುವುದು. ಪ್ರಯಾಣದ ದಿನಗಳಲ್ಲಿ ಕೆಲಸವನ್ನು ಅದಕ್ಕೆ ಕಟ್ಟಿ, ವಾಪಸ್ ಬಂದ ದಿನವೇ ಹಳೆಯ ಗೂಟಕ್ಕೆ ಮರಳಿ.

ಎರಡನೇ ಅಭ್ಯಾಸ ಯಾವಾಗ? ಮೊದಲನೆಯದು ಎಂಟನೇ ಹಂತದ ಮೂರು ಪ್ರಶ್ನೆ ದಾಟಿ, ಒಂದು ಪ್ರಯಾಣ ಅಥವಾ ಒಂದು ಕಾಯಿಲೆಯನ್ನು ತಡೆದುಕೊಂಡು ನಿಂತ ಮೇಲೆ. ಆಗ ಮೊದಲ ಪುಟದಲ್ಲಿ ಗೆರೆ ಎಳೆದಿದ್ದ ಪಟ್ಟಿಗೆ ವಾಪಸ್ ಹೋಗಿ. ಅಲ್ಲಿ ಇದ್ದದ್ದರಲ್ಲಿ ಎರಡು ಮೂರು ಈಗ ಬೇಡವೇ ಬೇಡ ಅನ್ನಿಸಬಹುದು, ನನಗೆ ಹಾಗಾಗಿತ್ತು. ಉಳಿದದ್ದರಲ್ಲಿ ಒಂದನ್ನು ಆರಿಸಿ. ಅದನ್ನು ಕಟ್ಟಲು ಈ ಸಲ ಗೂಟ ಹುಡುಕಬೇಕಾಗಿಲ್ಲ. ಚಪ್ಪಲಿ ಬಿಟ್ಟು ಓದುವ ಆ ಒಂದು ಪುಟ ಮುಗಿಯುತ್ತದಲ್ಲ, ಅದಕ್ಕೇ ಕಟ್ಟಿ.